ಎಂಜಲ ಉಸಿರು

ನಮ್ಮ ಊರಿನ ಕೆಳಗೆ ಇನ್ನೊಂದು ಊರಿದೆ. ಅದು ನೀರಿನಲ್ಲಿದೆ. ಆ ಊರಿನ ಕೊನೆಯಲ್ಲಿ ಒಂದು ಬಾಗಿಲಿದೆ, ಬಾಗಿಲಿಗೆ ಎರಡು ಕದ. ಆಚೆ ಏನಿದೆಯೆಂದು ಯಾರೂ ಕಂಡಿಲ್ಲ. ಆಚೆಯೂ ನೀರೇ ಇರಬೇಕು, ನಮ್ಮ ನೀರಿಗಿಂತ ಹಳೆಯ ನೀರು. ಆ ಬಾಗಿಲು ಆಗಾಗ ತಾನಾಗಿ ತೆರೆದುಕೊಳ್ಳುತ್ತದೆ. ಆಗ ಮಡು ಉಕ್ಕುತ್ತದೆ, ಒಂದೊಂದೇ ಮೆಟ್ಟಿಲು ಹತ್ತುತ್ತದೆ, ಹತ್ತಿ ಬಂದು ನಮ್ಮ ಹೊಸ್ತಿಲು ಮುಟ್ಟುತ್ತದೆ. ಇಬ್ಬರು ಇಳಿದು ಹೋಗಿ ಎರಡೂ ಕದಗಳನ್ನು ಒಟ್ಟಿಗೆ ನೂಕಿ ಮುಚ್ಚಬೇಕು. ಒಂದನ್ನೇ ನೂಕಿದರೆ ಇನ್ನೊಂದು ಮತ್ತಷ್ಟು ಅಗಲವಾಗಿ ತೆರೆಯುತ್ತದೆ. ಒಬ್ಬರಿಂದ ಆಗುವ ಕೆಲಸವಲ್ಲ ಅದು. ಆಗುವಂತಿದ್ದರೆ ನಾನು ಇದನ್ನೆಲ್ಲ ಹೇಳಬೇಕಾಗಿಯೇ ಇರಲಿಲ್ಲ.

ಊರಲ್ಲಿ ಎರಡು ಕೇರಿ. ಜೋಡಿಚೀಲದ ಕೇರಿ, ಒಂಟಿಚೀಲದ ಕೇರಿ. ನಾನು ಯಾವ ಕೇರಿಯವನೆಂದು ಕೇಳಬೇಡಿ. ಹೇಳಿಬಿಟ್ಟರೆ ಆಮೇಲೆ ನನ್ನ ಮಾತು ನಿಮಗೆ ಅರ್ಧವೇ ಕೇಳಿಸುತ್ತದೆ; ಈ ಊರಿಗೆ ಹಿಡಿದ ಕಾಯಿಲೆಯೇ ಅದು.

ಜೋಡಿಚೀಲದವರು ನೀರಿಗಿಳಿಯುವಾಗ ಬೆನ್ನಿಗೆ ಎರಡು ತೊಗಲು ಚೀಲ ಕಟ್ಟಿಕೊಳ್ಳುತ್ತಾರೆ. ತಿದಿ ಒತ್ತಿ ಎರಡಕ್ಕೂ ಬಿಗಿಯಾಗಿ ಗಾಳಿ ತುಂಬಿರುತ್ತಾರೆ. ಚೀಲದ ಗಾಳಿ ಬಾಯಿಗೆ ತರಲು ಎರಡು ನಳಿಗೆ, ಎರಡು ಚೂರಿ, ಎರಡು ಹಗ್ಗ. ಒಂದು ಕೆಟ್ಟೇ ಕೆಡುತ್ತದೆ ಎಂದುಕೊಂಡೇ ಇಳಿಯಬೇಕು ಎಂಬುದು ಅವರ ಮೊದಲ ಪಾಠ. ಆ ಕೇರಿಯಲ್ಲಿ ಎಲ್ಲರ ಗಂಟೂ ಒಂದೇ ಥರ, ಒಂದೇ ಜಾಗದಲ್ಲಿ. ಅಪ್ಪನ ಗಂಟನ್ನು ಮಗಳು ಕಣ್ಣು ಮುಚ್ಚಿ ಬಿಚ್ಚಬಲ್ಲಳು. ಜೊತೆಯವನಿಗೆ ಉಸಿರು ಮುಗಿದರೆ ತನ್ನ ಬಾಯಲ್ಲಿರುವ ನಳಿಗೆಯನ್ನೇ ತೆಗೆದು ಅವನ ಬಾಯಿಗೆ ಕೊಡಬೇಕು, ಗದ್ದದ ಕೆಳಗೆ ತೂಗುವ ಇನ್ನೊಂದನ್ನು ತಾನು ಕಚ್ಚಿಕೊಳ್ಳಬೇಕು. ಬಾಯಲ್ಲಿರುವುದು ಒಳ್ಳೆಯದೆಂದು ಖಾತ್ರಿಯಿದೆ, ಇನ್ನೊಂದು ಹೇಗಿದೆಯೋ ಯಾರಿಗೆ ಗೊತ್ತು, ಆದ್ದರಿಂದ ಖಾತ್ರಿಯಾದದ್ದು ಕಂಗಾಲಾದವನಿಗೆ ಸಿಗಲಿ ಎಂಬುದು ಅವರ ಲೆಕ್ಕ. ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡುತ್ತಾರೆ. ತಮ್ಮ ಕೇರಿಯೊಳಗೇ, ಅಂಗಳದಲ್ಲಿ, ಜಗಲಿಯಲ್ಲಿ, ಮದುವೆಯ ಚಪ್ಪರದಲ್ಲಿ ಕೂಡ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು. ಆ ಕೇರಿಯಲ್ಲಿ ನಗು ಸ್ವಲ್ಪ ಕಡಿಮೆ.

ಒಂಟಿಚೀಲದವರಿಗೆ ಇದೆಲ್ಲ ತಮಾಷೆ. ಒಂದು ಚೀಲ, ಒಂದು ಚೂರಿ, ಮುಗಿಯಿತು. ಮನುಷ್ಯನನ್ನು ಮುಳುಗಿಸುವುದು ಅವನು ಹೊತ್ತ ಭಾರ, ನೀರಿನ ತಪ್ಪು ಅದರಲ್ಲಿ ಏನೂ ಇಲ್ಲ ಎನ್ನುತ್ತಾರೆ. ಒಂದು ಮಧ್ಯಾಹ್ನ ಕಲಿತರೆ ಸಾಕು, ಮಿಕ್ಕಿದ್ದನ್ನು ನೀರೇ ಕಲಿಸಲಿ ಎನ್ನುತ್ತಾರೆ. ಒಬ್ಬ ಚೀಲವನ್ನು ಬೆನ್ನಿಗೆ ಕಟ್ಟಿದರೆ ಇನ್ನೊಬ್ಬ ಕಂಕುಳಿಗೆ ಕಟ್ಟುತ್ತಾನೆ, ಕೇಳುವವರಿಲ್ಲ. ಒಂದು ಮಾತ್ರ ಎಲ್ಲರಿಗೂ ಸಮ: ಎಡಸೊಂಟದಲ್ಲಿ ಚೀಲದಿಂದ ಇಳಿಬಿದ್ದ ಬಿಡಿ ನಳಿಗೆಯೊಂದು, ಅದರ ತುದಿಗೆ ಕೆಂಪು ಚಿಂದಿ. ಉಸಿರು ಮುಗಿದವನು ಜೊತೆಯವನ ಎಡಸೊಂಟಕ್ಕೆ ಕೈ ಹಾಕಿ ಅದನ್ನು ತಾನೇ ತೆಗೆದುಕೊಳ್ಳುತ್ತಾನೆ. ಬೇಡುವ ಗೋಜಿಲ್ಲ, ಕೊಡುವ ಜಂಬವಿಲ್ಲ. ಇನ್ನೊಬ್ಬರ ಬಾಯಲ್ಲಿದ್ದ ನಳಿಗೆ ಅವರ ಪಾಲಿಗೆ ಎಂಜಲು. ಎಂಜಲ ಉಸಿರನ್ನು ಕೊಡುವುದು ಅವಮಾನ, ಕಿತ್ತುಕೊಳ್ಳುವುದು ಕೊಲೆ.

ಜೋಡಿಚೀಲದವರ ಎಡಸೊಂಟದಲ್ಲಿ ಏನಿರುತ್ತದೆ ಗೊತ್ತೇ? ಬೆನ್ನಿನ ಎರಡೂ ಚೀಲಗಳನ್ನು ಹಿಡಿದಿರುವ ತಾಯಿಗಂಟು. ಕತ್ತಲಲ್ಲಿ ಯಾರಾದರೂ ನಳಿಗೆಯೆಂದು ಅದನ್ನು ಎಳೆದರೆ ಎಲ್ಲ ಕಳಚಿ ಮೇಲಕ್ಕೆ ತೇಲಿಹೋಗುತ್ತದೆ. ಇಷ್ಟು ತಿಳಿದ ಯಾರಿಗಾದರೂ ಎದೆ ಝಲ್ಲೆನ್ನಬೇಕು. ನಮಗೆ ಅನ್ನುತ್ತಿರಲಿಲ್ಲ, ಏಕೆಂದರೆ ಆಗ ನಮ್ಮಲ್ಲಿ ಪ್ರತಿಯೊಬ್ಬರಿಗೂ ಗೊತ್ತಿದ್ದದ್ದು ತಮ್ಮ ಕೇರಿಯದಷ್ಟೇ.

ಹಿಂದೊಮ್ಮೆ, ಬಾಗಿಲು ತೆರೆದಿರುವಾಗಲೇ, ಎರಡೂ ಕೇರಿಯವರು ಮೆಟ್ಟಿಲ ಮೇಲೆ ನಿಂತು ಯಾರ ಪಾಠ ಸರಿಯೆಂದು ಜಗಳಕ್ಕೆ ಬಿದ್ದರಂತೆ. ಜಗಳ ಮುಗಿಯುವಷ್ಟರಲ್ಲಿ ನೀರು ಒಂದು ಸಾಲು ಮನೆಗಳನ್ನು ನುಂಗಿತ್ತು. ಆಮೇಲೆ ಹಿರಿಯರು ಕೂತು ಕಟ್ಟಳೆ ಮಾಡಿದರು. ಎಡಗದ ಒಂದು ಕೇರಿಗೆ, ಬಲಗದ ಇನ್ನೊಂದಕ್ಕೆ. ಪ್ರತಿ ಸಲ ಒಂದೊಂದು ಕೇರಿಯಿಂದ, ಆ ಕದ ಹೊತ್ತ ಮನೆತನದ ಒಬ್ಬೊಬ್ಬರು ಇಳಿಯಬೇಕು. ಒಂದು ಕೇರಿಯ ಪಾಠ ಇನ್ನೊಂದು ಕೇರಿಯ ಕಿವಿಗೆ ಬೀಳಬಾರದು. ಇಳಿಯುವ ಇಬ್ಬರು ಒಬ್ಬರೊಡನೊಬ್ಬರು ಮಾತಾಡಬಾರದು. ಜಗಳ ನಿಂತಿತು, ಅದರ ಜೊತೆಗೆ ಮಾತೂ ನಿಂತಿತು. ಮದುವೆಗೆ ಮಾತ್ರ ಅಡ್ಡಿ ಮಾಡಲಿಲ್ಲ. ಕೇರಿ ದಾಟಿ ಹೋಗುವ ಹೆಣ್ಣು ಗಡಿಗಲ್ಲಿನ ಬಳಿ ಬಾಯಿ ಮುಕ್ಕಳಿಸಿ ಉಗುಳಿ ಹೋಗಬೇಕು. ಉಗುಳಿದ ನೀರಿನೊಂದಿಗೆ ತವರಿನ ಪಾಠವೂ ಹೋಯಿತೆಂದು ನಂಬಿಕೆ.

ಹಾಗೆ ಬಾಯಿ ಮುಕ್ಕಳಿಸಿ ಒಂಟಿಚೀಲದ ಕೇರಿಯಿಂದ ಜೋಡಿಚೀಲದ ಕೇರಿಗೆ ಬಂದವಳು ಈ ಕಥೆಯ ಸೊಸೆ. ಬಾಯಿ ತೊಳೆದರೆ ತಲೆ ತೊಳೆದಂತಾಗುತ್ತದೆಯೇ? ಅವಳಿಗೆ ತವರಿನದೆಲ್ಲ ನೆನಪಿತ್ತು. ಗಂಡನ ಮನೆಯ ಅಂಗಳದಲ್ಲಿ ನಡೆಯುವ ಅಭ್ಯಾಸವನ್ನು ದಿನವೂ ನೋಡಿ ನೋಡಿ ಅದೂ ತಲೆಗೆ ಹತ್ತಿತು. ಎರಡೂ ಪಾಠ ಒಂದೇ ತಲೆಯಲ್ಲಿ ಕೂತದ್ದು ನಮ್ಮ ಊರಿನಲ್ಲಿ ಅದೇ ಮೊದಲಿರಬೇಕು. ಅಥವಾ ಹಾಗೆ ಎರಡೂ ತಿಳಿದಿದ್ದ ಉಳಿದವರು ಜಾಣರಾಗಿ ಬಾಯಿ ಮುಚ್ಚಿಕೊಂಡಿದ್ದರೋ ಏನೋ.

ಅವಳಿಗೊಬ್ಬ ತಮ್ಮನಿದ್ದ. ಒಂಟಿಚೀಲದ ಕೇರಿಯಲ್ಲೇ ಅವನಷ್ಟು ಹಗುರಾಗಿ ನೀರಿಗಿಳಿಯುವವರಿರಲಿಲ್ಲ. ಬಾಗಿಲಿನ ಕೆಲಸವಿಲ್ಲದಾಗಲೂ ಇಳಿದು ಮುಳುಗಿದ ಊರಿನ ಬೀದಿಗಳಲ್ಲಿ ಸುಮ್ಮನೆ ಸುತ್ತಾಡಿ ಬರುತ್ತಿದ್ದ. ಒಮ್ಮೆ ಯಾರದೋ ಮನೆಯ ಕುಂಕುಮದ ಭರಣಿ ತಂದು ಅಕ್ಕನಿಗೆ ಕೊಟ್ಟಿದ್ದ. ಗಂಡ ಅದಕ್ಕೆ ಪೂರಾ ಉಲ್ಟಾ. ಕೆಲಸವಿಲ್ಲದೆ ಕಾಲು ಕೂಡ ಒದ್ದೆ ಮಾಡಿಕೊಳ್ಳುತ್ತಿರಲಿಲ್ಲ. ಅವಳಿಗೆ ಇಬ್ಬರ ಮೇಲೂ ಪ್ರಾಣ.

ಆ ಸಲ ಬಾಗಿಲು ತೆರೆದಾಗ ಕದ ಹೊತ್ತ ಮನೆತನಗಳಿಂದ ಸರದಿ ಬಂದದ್ದು ಅವರಿಬ್ಬರಿಗೆ. ಊರಿಗೆಲ್ಲ ಸಮಾಧಾನ, ಭಾವ-ಮೈದುನ ಹೋಗುತ್ತಾರೆ, ಇನ್ನೇನು ಬೇಕು ಎಂದು. ಅವಳೊಬ್ಬಳಿಗೆ ಅನ್ನ ಇಳಿಯಲಿಲ್ಲ. ತಮ್ಮನ ಉಸಿರು ಮುಗಿದರೆ ಅವನ ಕೈ ಗಂಡನ ತಾಯಿಗಂಟಿಗೆ ಹೋಗುತ್ತದೆ. ಗಂಡ ನಳಿಗೆ ಚಾಚುವ ಹೊತ್ತಿಗೆ ತಮ್ಮನ ಮುಖ ಅಲ್ಲಿರುವುದಿಲ್ಲ, ಸೊಂಟದತ್ತ ಬಾಗಿರುತ್ತದೆ. ಇಬ್ಬರೂ ಸರಿಯಾಗಿಯೇ ಮಾಡುತ್ತಾರೆ, ಇಬ್ಬರೂ ಸಾಯುತ್ತಾರೆ. ಒಲೆಯ ಮುಂದೆ ಕೂತು ಅವಳು ಇದನ್ನೇ ಮತ್ತೆ ಮತ್ತೆ ಕಂಡಳು.

ಗಂಡ ಚೀಲಗಳಿಗೆ ಹರಳೆಣ್ಣೆ ಸವರುತ್ತಿದ್ದಾಗ ಹತ್ತಿರ ಹೋಗಿ ಕೂತು ಹೇಳಿಬಿಟ್ಟಳು: ನನ್ನ ತಮ್ಮ ನಿಮ್ಮ ಎಡಸೊಂಟಕ್ಕೆ ಬರುತ್ತಾನೆ, ಅಲ್ಲಿ ಅವನಿಗೊಂದು ನಳಿಗೆ ಇರಬೇಕು. ಗಂಡ ಎದ್ದು ಹೋಗಿ ಒಂದು ಚೊಂಬು ನೀರು ತಂದು ಅವಳ ಮುಂದಿಟ್ಟ. ಅವಳು ಮುಕ್ಕಳಿಸಿ ಉಗುಳಿದಳು. ಆದರೆ ಕೇಳಿದ್ದು ಕೇಳಿ ಆಗಿತ್ತು.

"ಕೆಳಗೆ ಯೋಚನೆ ಬರಬಾರದು ಅಂತಾನೇ ಇಷ್ಟು ವರ್ಷ ಅಭ್ಯಾಸ ಮಾಡಿದ್ದು ಕಣೇ," ಎಂದ ಅವನು. "ನೀನು ನನ್ನ ಕೈಗೆ ಯೋಚನೆ ಕಲಿಸಿದೆ."

"ಹಾಗಾದ್ರೆ ಅವನನ್ನ ಕರೀರಿ. ಇಬ್ಬರೂ ಕೂತು ಒಂದು ಸಲ ಮಾತಾಡಿಕೊಳ್ಳಿ."

ಅದು ಆಗದ ಮಾತು ಎಂದ. ಇಬ್ಬರೂ ಮಾತಾಡಿದ್ದು ಗೊತ್ತಾದರೆ ಪಾಠ ಹೇಳಿ ಗಾಳಿ ತುಂಬಿಕೊಡುವ ಕೇರಿಯ ಗುರು ತಿದಿಯನ್ನೇ ಮುಟ್ಟುವುದಿಲ್ಲ, ಚೀಲಕ್ಕೆ ಗಾಳಿಯಿಲ್ಲ, ಬಾಗಿಲು ಮುಚ್ಚುವವರಿಲ್ಲ. ತಮ್ಮನಿಗೂ ಏನೂ ಹೇಳಕೂಡದು, ಅವನ ಕೇರಿಗೆ ತಿಳಿದರೆ ಅವನಿಗೆ ತೊಂದರೆ ಎಂದು ಆಣೆ ಹಾಕಿಸಿಕೊಂಡ. ಆದರೆ ಒಳ್ಳೆಯ ಗಂಡಸು ಅವನು. ಅವಳು ಅತ್ತ ಹೋದ ಮೇಲೆ ಗದ್ದದ ಕೆಳಗಿನ ನಳಿಗೆಯನ್ನು ಬಿಚ್ಚಿ, ಹುಟ್ಟಿದಾಗಿನಿಂದ ಎಂದೂ ಮಾಡದ ಕೆಲಸ ಮಾಡಿದ, ಎಡಸೊಂಟಕ್ಕೆ ಕಟ್ಟಿಕೊಂಡ. ತಾಯಿಗಂಟನ್ನು ಬಲಕ್ಕೆ ಸರಿಸಿದ.

ಅವಳು ಆಣೆ ಹಾಕಿದಳು, ಹಾಕಿ ಮುರಿದಳು. ತಮ್ಮನ ಜೀವ ಎದುರಿಗಿರುವಾಗ ಆಣೆ ಯಾವ ಲೆಕ್ಕ. ಗಡಿಗಲ್ಲಿನ ಬಳಿ ತಮ್ಮನನ್ನು ಕರೆಸಿ ಹೇಳಿದಳು: ಭಾವ ಅವರ ಬಾಯಲ್ಲಿರೋದನ್ನೇ ನಿನಗೆ ಕೊಡುತ್ತಾರೆ, ಸೊಂಟಕ್ಕೆ ಮಾತ್ರ ಕೈ ಹಾಕಬೇಡ, ಅಲ್ಲಿ ಗಂಟಿದೆ. ತಮ್ಮ ಮುಖ ಕಿವುಚಿದ. ಎಂಜಲು ಅಂತ ಅಮ್ಮ ಬೈಯುತ್ತಾಳೆ ಎಂದು ನಕ್ಕ. ಅಕ್ಕ ನಗಲಿಲ್ಲ. ಆಗಲಿ ಅಕ್ಕಾ, ಭಾವನ ಮುಖದ ಮುಂದೆಯೇ ನಿಲ್ಲುತ್ತೇನೆ, ಅವರು ಕೊಡುವ ತನಕ ಕೈ ಕಟ್ಟಿಕೊಂಡಿರುತ್ತೇನೆ ಎಂದು ಮಾತು ಕೊಟ್ಟ. ಭಾವನಿಗೂ ಏನಾದರೂ ಹೇಳಿದ್ದಾಳೆಯೇ ಎಂದು ಅವನು ಕೇಳಲಿಲ್ಲ. ಗಂಡ ಒಪ್ಪದ ಮಾತೆಂದುಕೊಂಡು, ಅವನಿಗೂ ಹೇಳಿದ್ದನ್ನು ಅವಳೂ ಬಾಯಿ ಬಿಡಲಿಲ್ಲ. ಬಾಯಿ ಮುಕ್ಕಳಿಸಿ, ಉಗುಳಿ, ಮನೆಗೆ ಬಂದಳು.

ಭಾವ-ಮೈದುನ ಇಳಿದರು. ನಾವೆಲ್ಲ ಮೆಟ್ಟಿಲ ಮೇಲೆ ನಿಂತಿದ್ದೆವು. ಏರುತ್ತಿದ್ದ ನೀರು ನಿಂತಿತು. ಬಾಗಿಲು ಮುಚ್ಚಿತೆಂದು ಜನ ಹೋ ಎಂದರು. ಆಮೇಲೆ ಬಹಳ ಹೊತ್ತು ಏನೂ ಕಾಣಲಿಲ್ಲ. ಕೊನೆಗೆ ಗಂಡ ಎದ್ದು ಬಂದ, ತೋಳಿನಲ್ಲಿ ತಮ್ಮನನ್ನು ಎತ್ತಿಕೊಂಡು. ತಮ್ಮನ ಬಾಯಲ್ಲಿ ಗಂಡನ ನಳಿಗೆಯಿತ್ತು. ಉಸಿರಿರಲಿಲ್ಲ.

ಕೆಳಗೆ ನಡೆದದ್ದನ್ನು ಗಂಡ ಎರಡು ಕೇರಿಯ ನಡುವಿನ ಕಟ್ಟೆಯ ಮುಂದೆ ನಿಂತು ಹೇಳಿದ. ಕದದ ಬುಡಕ್ಕೆ ಹೂಳು ಕಟ್ಟಿತ್ತು, ನೂಕಲು ಬಹಳ ಹೊತ್ತಾಯಿತು, ಒಂದೇ ಚೀಲದವನ ಗಾಳಿ ಮುಗಿಯಿತು. ಕದ ಕೂಡಿದಾಗ ಕೆಸರೆದ್ದು ಕೈ ಕಂಡರೆ ಮುಖ ಕಾಣದ ಹಾಗಾಗಿತ್ತು. ಅವನ ಉಸಿರು ಮುಗಿದದ್ದು ಇವನಿಗೆ ತಿಳಿಯಿತು, ಅಭ್ಯಾಸದ ಕೈ ತಾನಾಗಿ ಬಾಯಿಯತ್ತ ಏರಿತು. ಏರಿದ ಕೈಯನ್ನು ಇವನೇ ತಡೆದ. ಅವನು ಸೊಂಟಕ್ಕೆ ಬರುತ್ತಾನೆಂದು ಗೊತ್ತಿತ್ತಲ್ಲ. ಅಡ್ಡ ಬರಬಾರದೆಂದು ಎರಡೂ ಕೈ ಎತ್ತಿ ಎಡಸೊಂಟವನ್ನು ಅವನತ್ತ ತಿರುಗಿಸಿದ. ಅವನು ಸೊಂಟಕ್ಕೆ ಬರಲಿಲ್ಲ. ಮುಖದ ಹತ್ತಿರ ಮುಖ ತಂದ. ಏನೋ ಹೇಳಲು ಬಂದ ಎಂದುಕೊಂಡು ಇವನು ಸೊಂಟವನ್ನು ಇನ್ನಷ್ಟು ತಿರುಗಿಸಿದ. ಸೊಂಟ ತಿರುಗಿಸಿದರೆ ಮುಖವೂ ಆಚೆ ತಿರುಗುತ್ತದೆ.

"ನಾನು ಮುಖ ತಿರುಗಿಸಿಕೊಂಡೆ ಅಂದುಕೊಂಡಿರ್ತಾನೆ," ಎಂದ ಗಂಡ. ತಿರುಗಿ ನಳಿಗೆಯನ್ನು ಬಾಯಿಗಿಡುವ ಹೊತ್ತಿಗೆ ಆ ಬಾಯಿ ಕಚ್ಚಿ ಹಿಡಿಯಲಿಲ್ಲ, ಅಷ್ಟೇ.

ಕಟ್ಟೆಯ ಮೇಲೆ ಇಬ್ಬರು ಗುರುಗಳು, ಒಬ್ಬರ ಮುಖ ಒಬ್ಬರು ನೋಡದೆ. ಜೋಡಿಚೀಲದ ಗುರು ಕೇಳಿದ, ನಮ್ಮವನ ನಳಿಗೆ ಗದ್ದ ಬಿಟ್ಟು ಸೊಂಟಕ್ಕೆ ಹೋದದ್ದು ಹೇಗೆ? ಒಂಟಿಚೀಲದ ಗುರು ಕೇಳಿದ, ನಮ್ಮ ಹುಡುಗನ ಕೈ ಸೊಂಟಕ್ಕೆ ಹೋಗದೆ ನಿಂತದ್ದು ಯಾಕೆ? ಯಾರು ಹೇಳಿಕೊಟ್ಟರು? ಗಂಡ ಅವಳ ಹೆಸರು ಹೇಳುವವನಲ್ಲ. ಅವಳೇ ಎದ್ದು ನಿಂತಳು. ನಾನು ಹೇಳಿದೆ ಎಂದಳು. ಬೇರೆ ಬೇರೆಯಾಗಿ ಹೇಳಿದೆ, ಇಬ್ಬರನ್ನೂ ಒಟ್ಟಿಗೆ ಕೂರಿಸಿ ಹೇಳುವ ಹಾಗಿದ್ದಿದ್ದರೆ ನನ್ನ ತಮ್ಮ ಬದುಕಿರುತ್ತಿದ್ದ ಎಂದಳು. ಜನ ಕೇಳಿಸಿಕೊಂಡದ್ದು ಮೊದಲನೇ ಮಾತನ್ನು. ನೋಡಿದಿರಾ, ಪಾಠ ಬೆರೆತರೆ ಹೆಣ ಬೀಳುತ್ತದೆ, ಹಿರಿಯರು ಸುಮ್ಮನೆ ಕಟ್ಟಳೆ ಮಾಡಿದ್ದಲ್ಲ ಎಂದು ಎರಡೂ ಕೇರಿ ಒಂದೇ ದನಿಯಲ್ಲಿ ಹೇಳಿದವು. ಎರಡು ಕೇರಿಗಳು ಒಂದೇ ಮಾತು ಹೇಳಿದ್ದನ್ನು ನಾನು ಕೇಳಿದ್ದು ಆವತ್ತೇ.

ಕದ ಮನೆತನದ್ದು. ತಮ್ಮನಿಗೆ ಮದುವೆಯಾಗಿರಲಿಲ್ಲ, ಆದ್ದರಿಂದ ಆ ಕದ ರಕ್ತಸಂಬಂಧದಲ್ಲಿ ಅಕ್ಕನಿಗೆ ಬಂತು. ಗಂಡನ ಪಾಠವನ್ನು ಉಗುಳಿ ತವರಿಗೆ ಬಾ ಎಂದು ಕೇರಿ ಕರೆಯಿತು. ಮತ್ತೆ ಗಡಿಗಲ್ಲು, ಮತ್ತೆ ಚೊಂಬು. ಗಂಡ ಒಂದು ಕೇರಿಯಲ್ಲಿ, ಹೆಂಡತಿ ಇನ್ನೊಂದರಲ್ಲಿ. ಬೀದಿಯಲ್ಲಿ ಎದುರಾದರೆ ಮಾತಿಲ್ಲ. ಇನ್ನು ಬಾಗಿಲು ತೆರೆದರೆ ಇಳಿಯುವವರು ಅವರಿಬ್ಬರೇ.

ಅದು ಬೇಗ ತೆರೆಯಿತು. ಹೂಳು ತುಂಬಿದ ಬಾಗಿಲು ಸರಿಯಾಗಿ ಕೂತಿರಲಿಲ್ಲವೇನೋ. ಆ ದಿನಗಳಲ್ಲಿ ಅವಳು ಏನು ಯೋಚಿಸುತ್ತಿದ್ದಳೆಂದು ಆಮೇಲೆ ಅವಳೇ ಹೇಳಿದ್ದಾಳೆ. ಸಾವಿನ ಹೆದರಿಕೆಯಲ್ಲ. ಗಂಡನಿಗೆ ಈಗ ಎರಡೂ ಗೊತ್ತು, ತನಗೂ ಎರಡೂ ಗೊತ್ತು. ಕತ್ತಲಲ್ಲಿ ಅವನು ಯಾವುದನ್ನು ಮಾಡುತ್ತಾನೆ? ತನ್ನ ಮೇಲಿನ ಪ್ರೀತಿಯಿಂದ ಅವನು ಮತ್ತೆ ಸೊಂಟ ತಿರುಗಿಸಿದರೆ, ಅವನ ಮೇಲಿನ ಪ್ರೀತಿಯಿಂದ ತಾನು ಮತ್ತೆ ಬಾಯಿಗೆ ಕಾದರೆ? ಒಂದೇ ಪಾಠ ಗೊತ್ತಿದ್ದಾಗಿನದಕ್ಕಿಂತ ಇದು ಕಷ್ಟ. ತಮ್ಮನನ್ನು ತಿಂದದ್ದು ಇದೇ.

ಇಳಿಯುವ ದಿನ ನೀರು ಮೇಲಿನ ಮೆಟ್ಟಿಲುಗಳವರೆಗೆ ಬಂದಿತ್ತು. ಒಂದು ಬದಿಯಲ್ಲಿ ಗಂಡ, ಎರಡು ಚೀಲ ಹೊತ್ತು. ಇನ್ನೊಂದು ಬದಿಯಲ್ಲಿ ಹೆಂಡತಿ, ತಮ್ಮನ ಚೀಲ ಕಟ್ಟಿಕೊಂಡು. ನಡುವೆ ಮಾರು ದೂರ. ಎರಡೂ ಕೇರಿ ಕಿಕ್ಕಿರಿದು ನಿಂತಿದ್ದವು. ಎದೆಮಟ್ಟದ ನೀರಿನವರೆಗೆ ಇಳಿದಮೇಲೆ ಅವಳು ನಿಂತಳು. ಅವನತ್ತ ನಡೆದಳು.

"ನಿಮ್ಮ ಕೈ ಏನು ಮಾಡುತ್ತೋ ನನಗೆ ಗೊತ್ತಿಲ್ಲ," ಎಂದಳು. "ನನ್ನ ಕೈ ಎಲ್ಲಿಗೆ ಹೋಗುತ್ತೋ ನಿಮಗೆ ಗೊತ್ತಿಲ್ಲ. ಇಲ್ಲೇ ಮಾಡಿ ನೋಡೋಣ."

"ನೀರು ಏರ್ತಾ ಇದೆ," ಎಂದ ಅವನು. ಹೆಂಡತಿಯ ಜೊತೆ ಅಷ್ಟು ದಿನಗಳ ಮೇಲೆ ಆಡಿದ ಮೊದಲ ಮಾತು.

"ಏರಲಿ."

ಅವನು ನಳಿಗೆ ಕಚ್ಚಿಕೊಂಡು ಇಳಿಯಲು ತಿರುಗಿದ. ಅವಳು ಕೈ ಚಾಚಿ ಅವನ ಬಾಯಿಂದ ಅದನ್ನು ತೆಗೆದು ತನ್ನ ಬಾಯಿಗಿಟ್ಟುಕೊಂಡಳು. ಒಂಟಿಚೀಲದವರ ಕಡೆಯಿಂದ ಛೀ ಎಂಬ ಸದ್ದು ಬಂತು, ಎಂಜಲೆಂದು. ಜೋಡಿಚೀಲದವರಿಗೂ ಸಿಟ್ಟು ಬಂತು. ಅವರಲ್ಲಿ ನಳಿಗೆಯನ್ನು ಕೊಡಬೇಕು, ಕೇಳದೆ ತೆಗೆಯುವುದು ಕಳ್ಳತನ. ಒಂದೇ ಕೈಯಿಂದ ಎರಡೂ ಕೇರಿಗಳ ಮರ್ಯಾದೆಯನ್ನು ತೆಗೆದಿದ್ದಳು. ಕಟ್ಟಳೆ ಮುರಿದವರಿಗೆ ನಮ್ಮಲ್ಲಿ ಶಿಕ್ಷೆ ಒಂದೇ: ಬೆನ್ನು. ಮೊದಲು ಗುರುಗಳು ಬೆನ್ನು ತಿರುಗಿಸಿದರು. ಆಮೇಲೆ ಒಬ್ಬೊಬ್ಬರಾಗಿ ನಾವೆಲ್ಲ ತಿರುಗಿದೆವು. ತಿರುಗುವಾಗ ನನಗೆ ಏನೂ ಅನ್ನಿಸಲಿಲ್ಲ, ಸುತ್ತಲಿನವರು ತಿರುಗಿದರು, ನಾನೂ ತಿರುಗಿದೆ.

ಅಲ್ಲಿಂದ ಮುಂದೆ ನನಗೆ ಗೊತ್ತಿರುವುದು ಕಿವಿಗೆ ಬಿದ್ದದ್ದಷ್ಟೇ. ನೀರು ಕದಡುವ ಸದ್ದು. ಯಾರೋ ಕೆಮ್ಮಿದರು. ನಿಂತುಬಿಟ್ಟಿತು ನೋಡಿ ಕೈ, ನಿಲ್ಲಿಸಬೇಡಿ ಎಂದು ಅವಳು ಹೇಳಿದಳು. ಇನ್ನೊಂದು ಸಲ ಎಂದಳು. ಮತ್ತೆ ನೀರಿನ ಸದ್ದು. ಬಾಯಿ ಎಂದು ಅವನು ಹೇಳಿದ, ಬಾಯಿಯೇ, ಏನೇ ಆದರೂ ಬಾಯಿಯೇ, ಸೊಂಟವಲ್ಲ. ಹೂಂ ಎಂದಳು. ಇನ್ನೊಂದು ಸಲ. ಇಷ್ಟರಲ್ಲಿ ನೀರು ನಮ್ಮ ಕಾಲಬೆರಳಿಗೆ ತಾಗಿತು. ಕಣಕಾಲಿಗೆ ಬಂತು. ಜನ ಒಳಗೊಳಗೇ ಶಾಪ ಹಾಕಿದರು, ಹೋಗಿ ಸಾಯಬಾರದೇ ಎಂದರು, ಆದರೆ ತಿರುಗಿ ಹೇಳಲಿಲ್ಲ. ಇನ್ನೊಂದು ಸಲ, ಎಂದು ಹಿಂದಿನಿಂದ ಕೇಳಿಸುತ್ತಲೇ ಇತ್ತು.

"ಯಾರಾದ್ರೂ ನೋಡ್ಕೊಳ್ಳಿ," ಎಂದಳು ಅವಳು ಗಟ್ಟಿಯಾಗಿ. "ನಾಳೆ ನಿಮ್ಮ ಮಕ್ಕಳೂ ಇಳೀಬೇಕು."

ಯಾರೂ ತಿರುಗಲಿಲ್ಲ. ನಾನೂ ತಿರುಗಲಿಲ್ಲ.

ಆಮೇಲೆ ಸದ್ದು ನಿಂತಿತು, ಇಬ್ಬರೂ ಇಳಿದಿರಬೇಕು. ನೀರು ಮೊಣಕಾಲಿಗೆ ಬಂತು, ಮೊಣಕಾಲಲ್ಲೇ ನಿಂತಿತು, ನಿಧಾನವಾಗಿ ಇಳಿಯತೊಡಗಿತು. ನಾವು ಬೆನ್ನು ಹಾಕಿಯೇ ನಿಂತಿದ್ದೆವು. ಬಹಳ ಹೊತ್ತಾದ ಮೇಲೆ ಹಿಂದೆ ಇಬ್ಬರು ಏದುಸಿರು ಬಿಡುವುದು ಕೇಳಿಸಿತು. ಒಬ್ಬರದಲ್ಲ, ಇಬ್ಬರದು. ನನ್ನ ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಅಳುತ್ತಿದ್ದಳು, ಅವಳೂ ತಿರುಗಲಿಲ್ಲ.

ಅವರು ಬದುಕಿ ಬಂದದ್ದು ಎರಡು ಚೀಲವಿದ್ದುದರಿಂದ ಎಂದು ಜೋಡಿಚೀಲದ ಗುರು ತೀರ್ಪು ಕೊಟ್ಟ. ಒಬ್ಬಳಾದರೂ ಹಗುರಾಗಿ ಇದ್ದುದರಿಂದ ಎಂದು ಒಂಟಿಚೀಲದ ಗುರು ತೀರ್ಪು ಕೊಟ್ಟ. ನಿಜ ಏನೆಂದು ಹೇಳಬಲ್ಲವರು ನಮ್ಮಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಬೆನ್ನು ಹಾಕಿದ್ದೆವು. ಇಬ್ಬರನ್ನೂ ಕೇರಿಗಳಿಂದ ಹೊರಗಿಟ್ಟು ಕದಗಳನ್ನು ಬೇರೆ ಮನೆತನಗಳಿಗೆ ಕೊಡಲಾಯಿತು.

ಈಗ ಅವರು ಮೆಟ್ಟಿಲ ಪಕ್ಕದಲ್ಲೊಂದು ಗುಡಿಸಲು ಹಾಕಿಕೊಂಡಿದ್ದಾರೆ. ಬೆಳಗಾದರೆ ಎದೆಮಟ್ಟದ ನೀರಿನಲ್ಲಿ ನಿಂತು ಅದನ್ನೇ ಮಾಡುತ್ತಾರೆ. ಅವನು ಬಾಯಿಂದ ತೆಗೆದು ಕೊಡುತ್ತಾನೆ, ಅವಳು ತೆಗೆದುಕೊಳ್ಳುತ್ತಾಳೆ. ಅವಳು ಕೊಡುತ್ತಾಳೆ, ಅವನು ತೆಗೆದುಕೊಳ್ಳುತ್ತಾನೆ. ನೋಡಲಿ ಎಂದೇ ಮಾಡುತ್ತಾರೆ; ನಾನು ಕದ್ದು ನೋಡಿದ್ದೇನೆ. ಅವರನ್ನು ನೋಡಕೂಡದಾದ್ದರಿಂದ ನೀರಿಗೆ ಬರುವ ಹೆಂಗಸರು ಕೊಡ ಹಿಡಿದು ಹಿಮ್ಮುಖವಾಗಿ ಮೆಟ್ಟಿಲಿಳಿಯುತ್ತಾರೆ. ಎಷ್ಟೋ ಜನ ಜಾರಿ ಬಿದ್ದಿದ್ದಾರೆ. ಬಿದ್ದವರನ್ನು ಅವಳೇ ಎತ್ತುತ್ತಾಳೆ. ಎತ್ತಿಸಿಕೊಂಡವರು ಕಣ್ಣು ಮುಚ್ಚಿಕೊಂಡಿರುತ್ತಾರೆ.

ಇವತ್ತು ಬಾಗಿಲು ಮತ್ತೆ ತೆರೆದಿದೆ. ಈ ಸಲದವರು ಚಿಕ್ಕವರು, ಒಬ್ಬಳು ಹುಡುಗಿ, ಒಬ್ಬ ಹುಡುಗ, ಬೇರೆ ಬೇರೆ ಕೇರಿ. ಹುಡುಗನ ಎಡಸೊಂಟದಲ್ಲಿ ತಾಯಿಗಂಟು ಕಾಣುತ್ತಿದೆ, ಹುಡುಗಿಯ ಸೊಂಟದಲ್ಲಿ ಕೆಂಪು ಚಿಂದಿ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ, ಹಿಮ್ಮುಖವಾಗಿ, ಒಂದೊಂದೇ ಮೆಟ್ಟಿಲಿಳಿದು ಆ ಗಂಡ-ಹೆಂಡಿರ ಪಕ್ಕದಲ್ಲೇ ಹಾದುಹೋದರು. ಅವಳು ನಳಿಗೆ ಹಿಡಿದ ಕೈಯನ್ನು ಅವರತ್ತ ಚಾಚಿಯೇ ನಿಂತಿದ್ದಳು.